ಚೀಲಗಳ ನಡುವೆ ಹದಿನೆಂಟು ನಿಮಿಷ

ನಾನು ಶಾಲೆ ಬಿಟ್ಟಿದ್ದು 2001ರಲ್ಲಿ, ಒಂಬತ್ತನೇ ತರಗತಿಯ ಅರ್ಧಕ್ಕೆ. ಆಮೇಲೆ ಮೂಡಿಗೆರೆ ಸುತ್ತಿನ ತೋಟಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಗಳ ರಿಪೇರಿ ಕಲಿತೆ. ಯಂತ್ರದ ಯಾವ ಹಲ್ಲು ಸವೆದಿದೆಯೆಂದು ಸದ್ದು ಕೇಳಿಯೇ ಹೇಳುತ್ತಿದ್ದೆ. ಅದನ್ನು ಕಂಡೇ ಒಂದು ತೋಟದ ರೈಟರ್ ನನ್ನನ್ನು ತಮ್ಮ ಹಾಡುಗಳಿಗೆ ಡ್ರಮ್ಸ್ ನುಡಿಸಲು ಕೂರಿಸಿದರು.

ಹಗಲೆಲ್ಲ ಆಳುಗಳ ಹಾಜರಿ ಬರೆಯುವ ಅವರು, ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡೇ ಗಿಟಾರ್ ನುಡಿಸುತ್ತಿದ್ದರು. ನಾನು ತಪ್ಪಿದಾಗಲೆಲ್ಲ, "ಎಣಿಸ್ಬೇಡ ಮಾರಾಯ, ಕೇಳು," ಎನ್ನುತ್ತಿದ್ದರು. ಅವರು ತರಬೇಕೆಂದಿದ್ದ ರಾಕ್ ಆಲ್ಬಂನ ಮುಖ್ಯ ಹಾಡು ಹದಿನೆಂಟು ನಿಮಿಷದ್ದು. ಹಾಜರಿಯಲ್ಲಿ ನಂಬರ್ ಕೂಗಿದರೆ ಓಗೊಡದೆ, ಹೆಸರು ಹಿಡಿದು ಕರೆಯುವ ತನಕ ನಿಂತೇ ಇರುವ ಒಬ್ಬ ಆಳಿನ ಕಥೆ ಅದು.

ಚಿಕ್ಕಮಗಳೂರಿನ ರೆಕಾರ್ಡಿಂಗ್ ಸ್ಟುಡಿಯೋದವನು ಹಾಡು ಕೇಳಿ ನಕ್ಕ. "ನಾಲ್ಕು ನಿಮಿಷಕ್ಕೆ ಕತ್ತರ್ಸಿ ಸಾರ್. ಡ್ರಮ್ಸಿಗೆ ನಮ್ಮೋರೇ ಇದಾರೆ. ನಿಮ್ಮ ಮೆಕ್ಯಾನಿಕ್ ಪಲ್ಪರ್ ನೋಡ್ಕೊಳ್ಲಿ."

ರೈಟರ್ ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದರು. "ಹಾಡು ಪೂರ್ತಿ, ಇವನ ಸಮೇತ. ಇಲ್ದಿದ್ರೆ ಬೇಡ."

ಬಸ್ಸಿನಲ್ಲಿ ಕೇಳಿದೆ, "ನನ್ನ ಬಿಟ್ಟಿದ್ರೆ ಆಲ್ಬಂ ಆಗ್ತಿತ್ತಲ್ಲ ಸಾರ್?"

"ಆಗ್ತಿತ್ತು ಮಾರಾಯ. ನಮ್ದಾಗ್ತಿರ್ಲಿಲ್ಲ."

ತೋಟದ ಗೋದಾಮಿನಲ್ಲಿ ಕಾಫಿ ಚೀಲಗಳನ್ನು ಸುತ್ತ ಆಳೆತ್ತರಕ್ಕೆ ಪೇರಿಸಿದೆವು. ಪ್ರತಿಧ್ವನಿಯೆಲ್ಲ ಅವುಗಳಲ್ಲೇ ಅಡಗಿತು. ನಾವೇ ರೆಕಾರ್ಡ್ ಮಾಡಿದೆವು. ಮೂರನೇ ಸಲಕ್ಕೆ ಹದಿನೆಂಟು ನಿಮಿಷದಲ್ಲಿ ನಾನು ಒಂದೇಟೂ ತಪ್ಪಲಿಲ್ಲ.

ಈಗ ನನಗೆ ರಿಪೇರಿ ಶೆಡ್ ಎರಡು, ಕೆಲಸಗಾರರು ಐವರು, ಜೀಪು ಒಂದು, ಸ್ವಂತ ಡ್ರಮ್ ಸೆಟ್ ಒಂದು. ನನ್ನ ಪೂರ್ತಿ ಹೆಸರು ಅಚ್ಚಾಗಿರುವ ಆಲ್ಬಂ ಒಂದು.