ಮೊರಾಗ್ ಮರೆತಿದ್ದ ಸಾಲು

ಹಸುವಿಗೆ ದೃಷ್ಟಿಯಾಗಿದೆ, ಗಾಳಿ ಸೋಕಿದೆ ಎಂದು ಯಾರಾದರೂ ಬಂದರೆ ಜಂತುಹುಳದ ಔಷಧಿ ಕೊಟ್ಟು ಕಳಿಸುತ್ತಿದ್ದವನು ನಾನು. ಹನೂರು ಕಡೆ ಪಶುವೈದ್ಯನಾಗಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಮಂತ್ರ ಹಾಕಿಸಿ, ತಾಯಿತ ಕಟ್ಟಿಸಿ, ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ತಂದ ದನಗಳು ಎಷ್ಟೋ ನನ್ನ ಕಣ್ಣೆದುರೇ ಸತ್ತಿವೆ. ಹಾಗಾಗಿ ಇಂಥ ಮಾತುಗಳಲ್ಲಿ ನನಗೆ ನಂಬಿಕೆಯೂ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ. ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಗುತ್ತಿದ್ದೆ. ನೀವು ನಕ್ಕರೆ ನನಗೆ ಬೇಸರವಿಲ್ಲ.

ಏಳು ವರ್ಷದ ಹಿಂದಿನ ಮಾತು. ಸ್ಕಾಟ್ಲೆಂಡಿನಿಂದ ಮೊರಾಗ್ ಎಂಬಾಕೆ ಬಂದರು. ಐವತ್ತರ ಆಸುಪಾಸಿನ ಹೆಂಗಸು, ಆಕೆಯೂ ದನದ ಡಾಕ್ಟರು. ನಮ್ಮ ಆಲಂಬಾಡಿ ತಳಿಯ ದನಗಳನ್ನೂ ಅವುಗಳನ್ನು ಸಾಕುವ ಕಾಡಂಚಿನ ದೊಡ್ಡಿಗಳನ್ನೂ ನೋಡಬೇಕೆಂಬುದು ಆಕೆಯ ಆಸೆ. ಮೇಲಧಿಕಾರಿಗಳು ಜೊತೆಗೆ ನನ್ನನ್ನು ಕಳಿಸಿದರು. ಕೊಳ್ಳೇಗಾಲದಲ್ಲಿ ಮಧ್ಯಾಹ್ನದ ಊಟ ಮುಗಿಸಿ, ಜೀಪು ಹತ್ತಿ, ಹನೂರು ದಾಟಿ ಮಾರ್ಟಳ್ಳಿಯ ಕಡೆ ಹೊರಟೆವು.

ಸ್ಕಾಟ್ಲೆಂಡ್ ಎಂದರೆ ನನಗೆ ಗೊತ್ತಿದ್ದದ್ದು ಚೌಕುಳಿ ಲಂಗ ಉಟ್ಟು ಚೀಲದ ವಾದ್ಯ ಊದುವ ಗಂಡಸರು, ಮತ್ತೆ ವಿಸ್ಕಿ. ಅದನ್ನೇ ಹೇಳಿದೆ. ಆಕೆ ಜೋರಾಗಿ ನಕ್ಕರು. "ನಮ್ಮಪ್ಪ ಸಾಯುವವರೆಗೂ ಆ ಲಂಗ ಉಡಲಿಲ್ಲ. ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಕೊಟ್ಟಿಗೆಯಲ್ಲೇ ಇರೋರು" ಎಂದರು.

ಆಮೇಲೆ ತಾವಾಗಿಯೇ ಹೇಳತೊಡಗಿದರು. ಅವರದು ಪಡುವಣ ಕಡಲಿನ ಒಂದು ಸಣ್ಣ ದ್ವೀಪ. ಮನೆಮಾತು ಇಂಗ್ಲಿಷ್ ಅಲ್ಲ, ಗೇಲಿಕ್. ಶಾಲೆಯಲ್ಲಿ ಆ ಮಾತಾಡಿದ್ದಕ್ಕೆ ಅವರ ಅಜ್ಜಿ ಏಟು ತಿಂದಿದ್ದರಂತೆ. ದೊಡ್ಡವರಾದ ಮೇಲೆ ಅಜ್ಜಿ ಮನುಷ್ಯರಿಗಿಂತ ಹಸುಗಳ ಜೊತೆಯೇ ಅದನ್ನು ಹೆಚ್ಚು ಆಡುತ್ತಿದ್ದರಂತೆ. ಹಿಂದೆಲ್ಲ ಬೇಸಿಗೆ ಬಂದರೆ ಹೆಂಗಸರು, ಹುಡುಗಿಯರು ದನ ಹೊಡೆದುಕೊಂಡು ಗುಡ್ಡ ಹತ್ತಿ, ಕಲ್ಲು ಮತ್ತು ಹುಲ್ಲುಹೆಂಟೆಯ ಗುಡಿಸಲು ಕಟ್ಟಿಕೊಂಡು, ಬೆಣ್ಣೆ ತೆಗೆಯುತ್ತ ತಿಂಗಳುಗಟ್ಟಲೆ ಅಲ್ಲೇ ಇರುತ್ತಿದ್ದರಂತೆ.

"ಇದನ್ನೇ ನಾವು ದೊಡ್ಡಿ ಅನ್ನೋದು" ಎಂದೆ. ಆಕೆ ಆ ಪದವನ್ನು ಎರಡು ಸಲ ಹೇಳಿ ನೋಡಿದರು.

ಹಾಲು ಕರೆಯುವಾಗ ಹಾಡದಿದ್ದರೆ ಹಸು ಸೊರಬಿಟ್ಟು ಹಾಲಿಳಿಸುತ್ತಿರಲಿಲ್ಲವಂತೆ. ಕೆಲವು ಮನೆಗಳಿಗೆ ತಮ್ಮದೇ ಹಾಡು ಇರುತ್ತಿತ್ತು. ಮೊರಾಗ್ ಅವರ ಮನೆಗೂ ಒಂದಿತ್ತು. "ಅದರ ಕೊನೆ ನನಗೆ ಮರೆತುಹೋಗಿದೆ. ಅಜ್ಜಿ ತೀರಿಕೊಂಡಾಗ ನನಗೆ ಎಂಟು ವರ್ಷ. ಅಮ್ಮನಿಗೂ ಅದು ಬರುತ್ತಿರಲಿಲ್ಲ. ದ್ವೀಪದಲ್ಲೆಲ್ಲ ವಿಚಾರಿಸಿದೆ. ನಮ್ಮ ಮನೆಯ ಹಾಡು ಬೇರೆಯವರಿಗೆ ಹೇಗೆ ಗೊತ್ತಿರಬೇಕು?" ಎಂದು ಕಿಟಕಿಯಾಚೆ ನೋಡಿದರು.

ಮಾರ್ಟಳ್ಳಿಯಿಂದ ಆಚೆ ಕಾಡಂಚಿನ ಒಂದು ದೊಡ್ಡಿ ತಲುಪಿದಾಗ ಸಂಜೆ ನಾಲ್ಕಾಗಿತ್ತು. ದೊಡ್ಡಿ ಮಾದೇವನದು. ಅವನ ತಾಯಿ ಪುಟ್ಟಮಾದಮ್ಮ ಗುಡಿಸಲ ಬಾಗಿಲಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ಎಪ್ಪತ್ತು ದಾಟಿದ ಜೀವ. ನನ್ನನ್ನು ಕಂಡದ್ದೇ ಮಾದೇವ ಓಡಿಬಂದ.

"ಒಳ್ಳೆ ಒತ್ಗೆ ಬಂದ್ರಿ ಸಾ. ಬೂದಿ ಕರಾನ ಚಿರತೆ ಒತ್ಕಂಡು ಓಗಿ ನಾಕ್ ದಿನ ಆಯ್ತು. ಆಲು ಬುಡಾಕಿಲ್ಲ, ಅತ್ರ ಸೇರುಸಾಕಿಲ್ಲ" ಎಂದ.

ಬೂದಿ ಎಂದರೆ ಬೂದುಬಣ್ಣದ ಅವನ ಹಸು. ಅದರ ಕೆಚ್ಚಲು ಕಲ್ಲಾಗಿತ್ತು. ಪಕ್ಕದಲ್ಲಿ ಇನ್ನೊಂದು ಕರು ಬಿದ್ದಿತ್ತು. ಅದರ ತಾಯಿ ಹಾವು ಕಚ್ಚಿ ಸತ್ತಿತ್ತು. ಬಾಟಲಿ ಹಾಲು ಕುಡಿಯದೆ ಕರು ಮೂಳೆಚಕ್ಕಳವಾಗಿತ್ತು. ಇಂಥ ಹೊತ್ತಿನಲ್ಲಿ ಸತ್ತ ಕರುವಿನ ಚರ್ಮವನ್ನು ಬೇರೆ ಕರುವಿಗೆ ಹೊದಿಸಿ ತಾಯಿಯನ್ನು ಒಲಿಸುವುದುಂಟು. ತಮ್ಮೂರಲ್ಲೂ ಹಾಗೇ ಮಾಡುತ್ತಾರೆಂದು ಮೊರಾಗ್ ಹೇಳಿದರು. ಆದರೆ ಇಲ್ಲಿ ಚಿರತೆ ಚರ್ಮವನ್ನೂ ಉಳಿಸಿರಲಿಲ್ಲ. ಹಾಲಿಳಿಯುವ ಇಂಜೆಕ್ಷನ್ ಕೊಟ್ಟೆ, ಕಾದೆ. ಕರುವನ್ನು ಹತ್ತಿರ ಬಿಟ್ಟರೆ ಬೂದಿ ಒದ್ದು ದೂರ ಬೀಳಿಸಿತು. ಇನ್ನೊಮ್ಮೆ ಬಿಟ್ಟರೂ ಅದೇ. ಕರು ಮತ್ತೆ ಏಳಲಿಲ್ಲ. ರಾತ್ರಿ ಕಳೆಯುವುದು ಕಷ್ಟ ಎಂದು ಮಾದೇವನಿಗೆ ಹೇಳಿಬಿಟ್ಟೆ. ಅವನು ತಲೆಯ ಮೇಲೆ ಟವೆಲ್ ಎಳೆದುಕೊಂಡು ಅತ್ತ ತಿರುಗಿದ.

ಆಗ ಮೊರಾಗ್ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಬೂದಿಯ ಹತ್ತಿರ ಹೋಗಿ ಅದರ ಪಕ್ಕೆಗೆ ಹಣೆ ಒತ್ತಿ ಕೂತರು. ಮೆಲ್ಲಗೆ ಹಾಡತೊಡಗಿದರು. ಜೋಗುಳದಂಥ ಧಾಟಿ, ತೂಗಿ ತೂಗಿ ಹೋಗುವಂಥದು. ಹಸು ಕಿವಿ ತಿರುಗಿಸಿತು. ಒದೆಯುವುದು ನಿಂತಿತು. ಇಲ್ಲಿಯವರೆಗೆ ನನಗೇನೂ ಆಶ್ಚರ್ಯವಾಗಲಿಲ್ಲ. ಮೆದು ದನಿಗೆ ದನ ಸಮಾಧಾನವಾಗುವುದು ಎಲ್ಲರಿಗೂ ಗೊತ್ತು.

ಒಂದು ಕಡೆ ಬಂದು ಹಾಡು ನಿಂತಿತು. ಮರೆತುಹೋದ ಜಾಗ ಅದೇ ಇರಬೇಕು. ಮೊರಾಗ್ ಹಿಂದಿನ ಸಾಲನ್ನೇ ಮತ್ತೆ ಹಾಡಿದರು, ಮತ್ತೆ ಅಲ್ಲೇ ನಿಂತರು. ಬೂದಿ ಕಾಲೆತ್ತಿತು.

ಆಗ ನನ್ನ ಬೆನ್ನ ಹಿಂದಿನಿಂದ ಹಾಡು ಮುಂದುವರಿಯಿತು.

ತಿರುಗಿ ನೋಡಿದೆ. ಹಾಡುತ್ತಿದ್ದವರು ಪುಟ್ಟಮಾದಮ್ಮ. ಕಣ್ಣು ತೆರೆದೇ ಇತ್ತು, ನೋಟ ಹಸುವಿನ ಮೇಲಿತ್ತು. ದೇವರು ಮೈದುಂಬಿದವರ ನಡುಕ, ಅಬ್ಬರ ಏನೂ ಇಲ್ಲ. ರಾಗಿ ಬೀಸುತ್ತ ಹಾಡುವವರ ಹಾಗೆ ಸಲೀಸಾಗಿ ಹಾಡುತ್ತಿದ್ದರು. ಪದಗಳು ಕನ್ನಡವಲ್ಲ. ಈ ಕಡೆಯವನಾದ ನನಗೆ ತಮಿಳು ಚೆನ್ನಾಗಿ ಬರುತ್ತದೆ, ಅದು ತಮಿಳೂ ಅಲ್ಲ. ನಾಲ್ಕೈದು ಸಾಲು ಇದ್ದಿರಬಹುದು. ಕೊನೆಯ ಪದವನ್ನು ಉದ್ದಕ್ಕೆ ಎಳೆದು ನಿಲ್ಲಿಸಿದರು.

ಬೂದಿಯ ಮೊಲೆಗಳಿಂದ ಹಾಲು ತಾನಾಗಿಯೇ ತೊಟ್ಟಿಕ್ಕತೊಡಗಿತು. ಮಾದೇವ ಕರುವನ್ನು ಎತ್ತಿ ತಂದು ಕೆಚ್ಚಲಿಗೆ ಹಿಡಿದ. ಹಸು ಕತ್ತು ಹೊರಳಿಸಿ ಅದರ ಬೆನ್ನು ನೆಕ್ಕಿತು. ಮೊರಾಗ್ ಮಣ್ಣಿನಲ್ಲೇ ಕೂತು ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದರು.

"ಅವ್ವ, ಈ ಹಾಡು ನಿಮಗೆ ಯಾರು ಕಲಿಸಿದ್ದು?" ಎಂದು ಕೇಳಿದೆ.

"ಯಾರೂ ಕಲುಸ್ನಿಲ್ಲ ಸಾ. ಆಯಮ್ಮ ನಿಲ್ಸುದ್ಲು, ಬಾಯಿಗ್ ಬತ್ತು, ಆಡ್ದಿ" ಎಂದರು.

"ಇನ್ನೊಂದು ಸಲ ಹಾಡ್ತೀರಾ?"

ಅವರು ಬಾಯಿ ತೆರೆದರು, ಯೋಚಿಸಿದರು. "ಊಂ ಊಂ, ಬರಾಕಿಲ್ಲ" ಎಂದು ತಲೆಯಾಡಿಸಿದರು. ಕೊಳ್ಳೇಗಾಲದ ಆಸ್ಪತ್ರೆಯಿಂದ ಆಚೆಗೆ ಲೋಕ ಕಂಡವರಲ್ಲ ಅವರು.

ವಾಪಸು ಬರುವಾಗ ಜೀಪಿನಲ್ಲಿ, ರಾಮಾಪುರ ದಾಟಿದ ಮೇಲೆ ಮೊರಾಗ್ ಕೇಳಿದರು: "ಆ ಕೊನೆಯ ಪದ ನಿಮಗೆ ಹೇಗೆ ಕೇಳಿಸಿತು? ನಾನು ಏನೂ ಹೇಳುವುದಿಲ್ಲ, ನೀವೇ ಮೊದಲು ಹೇಳಿ."

ಕಿವಿಯಲ್ಲಿ ಇನ್ನೂ ಇತ್ತು. "ಆರಿ ಹ್ಯೋನಚ್" ಎಂದೆ.

ಆಕೆ ಕಣ್ಣು ಮುಚ್ಚಿಕೊಂಡರು. ಅದು ಅವರ ಮನೆಯ ಹಿಂದಿನ ಗುಡ್ಡದ ಮೇಲೆ ಪಾಳುಬಿದ್ದ ಒಂದು ಕಲ್ಲುಗುಡಿಸಲಿನ ಹೆಸರಂತೆ. ಆರಿ ಎಂದರೆ ದೊಡ್ಡಿ, ಹ್ಯೋನಚ್ ಅವರ ವಂಶದ ಹಿರಿಯಳೊಬ್ಬಳ ಹೆಸರು. ಯಾವ ನಕ್ಷೆಯಲ್ಲೂ ಆ ಹೆಸರಿಲ್ಲ. ಅವರ ಮನೆಯವರು ಬಿಟ್ಟರೆ ಹಾಗೆ ಕರೆಯುವವರೂ ಇಲ್ಲ. ಹಾಡು ಮುಗಿಯುತ್ತಿದ್ದದ್ದು ಆ ಹೆಸರಿನಲ್ಲೇ ಎಂದು, ಕೇಳಿದ ಮೇಲೆ ಅವರಿಗೆ ನೆನಪಾಗಿತ್ತು.

ನಾನು ಸುಮ್ಮನೆ ಒಪ್ಪಿಕೊಂಡೆ ಅಂದುಕೊಳ್ಳಬೇಡಿ. ಧಾಟಿಯನ್ನು ಮುದುಕಿ ಆಗಲೇ ಕೇಳಿ ಹಿಡಿದಿರಬಹುದು. ಹಿಂದೆ ಯಾರೋ ಬಿಳಿಯರು ಈ ಕಾಡಿನಲ್ಲಿ ಹಾಡಿರಬಹುದು. ಮೊರಾಗ್ ತಮಗೆ ಬೇಕಾದ್ದನ್ನೇ ಕೇಳಿಸಿಕೊಂಡಿರಬಹುದು. ಆದರೆ ಆ ಹೆಸರನ್ನು ಮೊದಲು ಹೇಳಿದವನು ನಾನು. ಅದಕ್ಕೆ ಮುಂಚೆ ಅದನ್ನು ಎಲ್ಲೂ ಕೇಳಿದವನಲ್ಲ. ಅಲ್ಲಿಗೆ ಬಂದು ನನ್ನ ಲೆಕ್ಕಾಚಾರವೆಲ್ಲ ನಿಂತುಹೋಗುತ್ತದೆ.

ಎರಡು ವರ್ಷದ ನಂತರ ಆ ದೊಡ್ಡಿಗೆ ಲಸಿಕೆ ಹಾಕಲು ಹೋದಾಗ ಪುಟ್ಟಮಾದಮ್ಮನನ್ನು ಮತ್ತೆ ಕೇಳಿದೆ. ಅವರಿಗೆ ಸಿಟ್ಟೇ ಬಂತು. "ಅದ್ನೇ ಏನ್ ಕೇಳೀರಿ ಸಾ? ಕರ ಬದುಕ್ತು ಕನಾ" ಎಂದರು.

ಕರು ಬದುಕಿತ್ತು, ನಿಜ. ಬೆಳೆದು ನಿಂತು ನನ್ನ ಮುಂದೆಯೇ ಮೇಯುತ್ತಿತ್ತು. ಆದರೆ ಹಾಡು ಕೇಳಿ ಊರಿಗೆ ಬಂದ ದಿನ ಕೇಸ್ ರಿಜಿಸ್ಟರ್ ಬರೆಯುವಾಗ, ಇಂಜೆಕ್ಷನ್‌ನಿಂದಲೇ ಗುಣವಾಯಿತು ಎಂದು ಬರೆಯಲು ನನ್ನ ಕೈ ಬರಲಿಲ್ಲ. ಇಂಜೆಕ್ಷನ್ ಕೊಟ್ಟೆ, ಫಲವಿಲ್ಲ ಎಂದು ಬರೆದೆ. ಅದರ ಕೆಳಗೆ, ಹಾಲಿಳಿದಿದೆ, ಕರು ಕುಡಿಯುತ್ತಿದೆ ಎಂದು ಬರೆದೆ. ಅವೆರಡರ ನಡುವೆ ಒಂದು ಸಾಲು ಖಾಲಿ ಬಿಟ್ಟೆ. ಅಲ್ಲಿ ಏನು ಬರೆಯಬೇಕಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.