ಬಿದ್ದದ್ದನ್ನೇ ಕೊಡು

ಅವನ ಬಲಗೈ ಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಸುಣ್ಣ, ಸಿಮೆಂಟು ತಿಂದು ತಿಂದು ಚರ್ಮ ನುಣ್ಣಗಾಗಿ ಹೊಳೆಯುತ್ತಿತ್ತು. ಹೆಬ್ಬೆರಳಿನ ಉಗುರು ಮಾತ್ರ ನಡುವೆ ಸೀಳಿ ಕಪ್ಪಗಾಗಿತ್ತು. ಆ ಕೈಯನ್ನು ಮುಷ್ಟಿ ಕಟ್ಟಿ ಅವನು ನನ್ನ ಅಂಗಡಿಯ ಕೌಂಟರಿನ ಮೇಲೆ ಮೂರು ಸಲ ಗುದ್ದುತ್ತಿದ್ದ. ಮಾತಿಲ್ಲ, ಕತೆಯಿಲ್ಲ, ನಮಸ್ಕಾರವಿಲ್ಲ; ಬಂದವನೇ ಗುದ್ದುವುದು. ಇಷ್ಟು ವರ್ಷವಾದರೂ ನೆನೆದರೆ ಈಗಲೂ ಮೈ ಉರಿಯುತ್ತದೆ.

ಉದಗೀರದ ಪೇಟೆಯಲ್ಲಿ ನಮ್ಮದು ಕಟ್ಲರಿ ಅಂಗಡಿ. ಬಳೆ, ರಿಬ್ಬನ್ನು, ಟಿಕಳಿ, ಮಕ್ಕಳ ಆಟದ ಸಾಮಾನು. ನಾನು ಭಾಲ್ಕಿ ಕಡೆಯವಳು. ತೊಂಬತ್ತಮೂರರಲ್ಲಿ ಈ ಕಡೆ ಊರೂರೇ ಉರುಳಿಸಿದ ಭೂಕಂಪವಾಗಿ ಎರಡು ವರ್ಷದ ಮೇಲೆ ಈ ಮನೆಗೆ ಸೊಸೆಯಾಗಿ ಬಂದೆ. ಅಷ್ಟರಲ್ಲಿ ಮಾವ ತೀರಿಕೊಂಡಿದ್ದರು. ನಮ್ಮವರು ಮಾಲು ತರಲು ಹೈದರಾಬಾದಿಗೆ ಹೋದರೆ ಅಂಗಡಿಯಲ್ಲಿ ಕೂರುವವಳು ನಾನೇ. ಆಗ ಎಲ್ಲಿ ನೋಡಿದರೂ ಡೈನೋಸಾರಿನ ಹುಚ್ಚು. ನಮ್ಮವರು ಒಂದು ಸಲ ಪೆಟ್ಟಿಗೆಗಟ್ಟಲೆ ಹೊತ್ತು ತಂದರು. ಬಲೂನಿನಂತೆ ಹಗುರಾದ ಜಾತ್ರೆಯ ಗೊಂಬೆಗಳಲ್ಲ ಅವು. ಗಟ್ಟಿ ರಬ್ಬರಿನವು, ಒಂದೊಂದು ಹಲ್ಲಿಗೂ ಕೈಯಿಂದ ಬಣ್ಣ ಹಚ್ಚಿದವು, ಹೊಟ್ಟೆಯ ಕೆಳಗೆ ನಂಬರು ಇದ್ದವು. ಡಾಕ್ಟರರ ಮಕ್ಕಳು, ಕಾಲೇಜಿನ ಪ್ರೊಫೆಸರರ ಮಕ್ಕಳು ನಂಬರು ಹುಡುಕಿ ಹುಡುಕಿ ಪೂರಾ ಸೆಟ್ಟು ಜಮಾ ಮಾಡುತ್ತಿದ್ದರು. "ಮೊಮ್ಮಕ್ಕಳ ಕಾಲಕ್ಕೂ ಹಿಂಗೇ ಇರ್ತಾವ ನೋಡ್ರಿ" ಎಂದು ಎದೆ ತಟ್ಟಿ ಹೇಳಿ ಮಾರುತ್ತಿದ್ದವಳು ನಾನು.

ಅವುಗಳನ್ನು ಹಿಂದಿನ ಗೋಡೆಯ ಹಲಗೆಗಳ ಮೇಲೆ ಸಾಲಾಗಿ ನಿಲ್ಲಿಸಿದ್ದೆ. ಆ ಗೋಡೆಗೇ ಮೊಳೆ ಹೊಡೆದು ಕಟ್ಟಿಗೆಯ ಕೌಂಟರಿನ ಒಂದು ತುದಿ ಕೂರಿಸಿದ್ದರು. ಹಲಗೆಗಳ ಕೆಳಗೆ, ಜಂತಿಯ ಕಬ್ಬಿಣದ ಬಳೆಗೆ ಸೀರೆಯ ಜೋಳಿ ಕಟ್ಟಿ, ಮೂರು ತಿಂಗಳ ಮಗಳನ್ನು ಮಲಗಿಸುತ್ತಿದ್ದೆ. ಅಂಗಡಿಯಲ್ಲಿ ತಂಪಾದ ಜಾಗ ಅದೊಂದೇ.

ಅವನು ಮೊದಲ ಸಲ ಬಂದದ್ದು ಒಂದು ಅಮಾವಾಸ್ಯೆಯ ಬೆಳಿಗ್ಗೆ, ನನಗಿನ್ನೂ ಬೋಣಿಯಾಗಿರಲಿಲ್ಲ. ಹಣೆಯ ಮೇಲೆ ಬೀರಪ್ಪನ ಭಂಡಾರದ ಅರಿಶಿನ, ಮೈತುಂಬ ಬೀಡಿಯ ವಾಸನೆ. ಬಂದು ಗುದ್ದಿದ. ಮೂರನೇ ಗುದ್ದಿಗೆ ಮೇಲಿನ ಹಲಗೆಯಿಂದ ಎರಡು ಕಾಲಿನ ಡೈನೋಸಾರೊಂದು ಮೂತಿ ಮುಂದಾಗಿ ಬಿತ್ತು.

"ಏನ್ ಮಾಡ್ಲತ್ತಿ ನೀ? ತಲಿ ಗಿಲಿ ಕೆಟ್ಟಾದೇನು?" ಎಂದೆ. ವಯಸ್ಸಾದವರಿಗೆ 'ರೀ' ಹಚ್ಚಿ ಮಾತಾಡಬೇಕೆಂದು ನಮ್ಮವ್ವ ಕಲಿಸಿದ್ದಳು. ಅವನಿಗೆ ಹಚ್ಚಲು ನಾಲಗೆ ಏಳಲಿಲ್ಲ.

"ಬಿದ್ದದ್ದನ್ನೇ ಕೊಡು, ಸೂನಬಾಯಿ" ಎಂದ.

ಸೂನಬಾಯಿ ಎಂದರೆ ಮರಾಠಿಯಲ್ಲಿ ಸೊಸೆ. ಗುರುತಿಲ್ಲದ ಗಂಡಸು, ಬಂದು ನಿಂತ ಐದು ನಿಮಿಷಕ್ಕೆ ನನ್ನನ್ನು ಸೊಸೆ ಎಂದು ಕರೆಯಬೇಕೆ? ಚೌಕಾಸಿ ಮಾಡದೆ ಬಿದ್ದದ್ದನ್ನು ಕೊಂಡು ಚೀಲಕ್ಕೆ ಹಾಕಿದ. ಹೋಗುವಾಗ ಮಗಳ ಕಡೆ ನೋಡಿದ. ಅವಳು ನಕ್ಕಳು. ಅವನು ಹೆಗಲ ಚೀಲ ಸರಿಮಾಡಿಕೊಂಡು, "ಜೋಳಿ ಜರಾ ಈ ಕಡಿ ಕಟ್ಟು. ಗೊಂಬಿ ಗಿಂಬಿ ಬೀಳ್ತಾವ" ಎಂದು ಹೋದ.

ಅವನ ಬೆನ್ನು ಮರೆಯಾದ ಕೂಡಲೇ ಉಪ್ಪು ಮೆಣಸಿನಕಾಯಿ ಇಳಿಸಿ ಮಗಳಿಗೆ ದೃಷ್ಟಿ ತೆಗೆದೆ.

ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಬರತೊಡಗಿದ. ಅಮಾವಾಸ್ಯೆಯ ದಿನ ಗೋಡೆ ಕಟ್ಟುವ ಗೌಂಡಿಗಳು ಕರಣಿ ಮುಟ್ಟುವುದಿಲ್ಲ, ಅದು ಅವರ ರಜೆ. ಅದರಿಂದಲೇ ಅವನು ಗೌಂಡಿ ಎಂದು ನನಗೆ ತಿಳಿದದ್ದು. ಉಮರ್ಗಾ ಬಳಿಯ ಗುಂಜೋಟಿಯವನಂತೆ. ಉಮರ್ಗಾದಲ್ಲಿ ಮೊದಲ ಬಸ್ಸು ಹಿಡಿದು, ನಿಲಂಗಾದಲ್ಲಿ ಇಳಿದು ಇನ್ನೊಂದು ಹತ್ತಿ, ಅಷ್ಟು ದೂರದಿಂದ ನನ್ನ ಬೋಣಿ ಕೆಡಿಸಲೆಂದೇ ಬರುತ್ತಿದ್ದ. ಲೋಕದಲ್ಲಿ ಎಲ್ಲರೂ ನೆಟ್ಟಗೆ ನಿಂತದ್ದನ್ನು ಕೊಂಡರೆ ಇವನಿಗೆ ಬಿದ್ದದ್ದೇ ಬೇಕು. ಒಮ್ಮೊಮ್ಮೆ ಎರಡು ಬಿದ್ದರೆ ಎರಡನ್ನೂ ಒಯ್ಯುತ್ತಿದ್ದ. ಗಿರಾಕಿಗಳು ಇದ್ದರಂತೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ನಿಂತಾದಂದ್ರ ಆತೇನು? ಹ್ಯಾಂಗ ನಿಂತಾದ ನೋಡಬೇಕು" ಎಂದು ಅವರೆದುರಿಗೇ ಉಪದೇಶ. ಒಬ್ಬ ಪ್ರೊಫೆಸರರ ಹೆಂಡತಿ ಇದನ್ನು ಕೇಳಿ, ಕೈಗೆತ್ತಿಕೊಂಡ ಪೆಟ್ಟಿಗೆಯನ್ನು ಕೆಳಗಿಟ್ಟು ಹೋದಳು.

ನಿಜ ಹೇಳಬೇಕೆಂದರೆ, ಅವನು ಗುದ್ದದ ದಿನಗಳಲ್ಲೂ ಅವು ಬೀಳತೊಡಗಿದ್ದವು. ಬೇಸಿಗೆಯ ಝಳಕ್ಕೆ ಕಾಲು ಮೆತ್ತಗಾಗಿ ಬಾಗುತ್ತವೆ ಎಂದುಕೊಂಡೆ. ಬಿಸಿನೀರಲ್ಲಿ ಅದ್ದಿ, ಕಾಲು ತಿದ್ದಿ, ತಣ್ಣೀರಲ್ಲಿ ಮುಳುಗಿಸಿ ಮತ್ತೆ ನಿಲ್ಲಿಸಿದೆ. ಎರಡು ದಿನ ನಿಂತು ಮತ್ತೆ ಬಿದ್ದವು. ಕೊನೆಗೆ ಪಾದಗಳಿಗೆ ಮೇಣ ಮೆತ್ತಿದೆ. ಮಾಲೇ ಖರಾಬು ಎಂದು ನಮ್ಮವರ ಜೊತೆ ಜಗಳ ಮಾಡಿದೆ. ನಾಲ್ಕು ಕಾಲಿನವು ಕೂಡ ಮುಂದಕ್ಕೆ ಜಾರುತ್ತಿದ್ದವು. ಕಡೆಕಡೆಗೆ ಗೌಂಡಿಗೆ ಮೂರನೇ ಗುದ್ದು ಬೇಕಾಗುತ್ತಿರಲಿಲ್ಲ, ಮೊದಲನೆಯದಕ್ಕೇ ಕೆಲಸವಾಗುತ್ತಿತ್ತು. ಹೋಗುವಾಗ ಪ್ರತಿ ಸಲವೂ ಅದೇ ಮಾತು: "ಜೋಳಿ ಈ ಕಡಿ ಕಟ್ಟು, ಸೂನಬಾಯಿ." ಅವನು ಹೇಳಿದನೆಂಬ ಒಂದೇ ಕಾರಣಕ್ಕೆ ನಾನು ಕಟ್ಟಲಿಲ್ಲ. ನನ್ನ ಹಟದ ಲೆಕ್ಕವೂ ಈ ಕತೆಯಲ್ಲಿದೆ, ಮುಚ್ಚಿಡುವುದಿಲ್ಲ.

ಮಗಳಿಗೆ ವರ್ಷ ತುಂಬಿ ಕೆಲವು ದಿನಗಳಾಗಿದ್ದವು. ಅಂದೂ ಅಮಾವಾಸ್ಯೆ. ಅವನಿನ್ನೂ ಬಂದಿರಲಿಲ್ಲ. ಯಾರೂ ಗುದ್ದಲಿಲ್ಲ, ಗಾಳಿಯೂ ಇಲ್ಲ. ಮೇಲಿನಿಂದ ಎರಡು ಡೈನೋಸಾರು ತಾವಾಗಿ ಬಿದ್ದವು. ಒಂದು ನೆಲಕ್ಕೆ, ಮೂರು ಕೋಡಿನ ದಪ್ಪನೆಯದು ಜೋಳಿಯೊಳಗೆ. ಮಗಳು ಕಿಟಾರನೆ ಕಿರುಚಿದಳು. ಹಣೆಯ ಮೇಲೆ ಕೋಡು ತಾಗಿ ಕೆಂಪಗೆ ಗೆರೆ ಎದ್ದಿತ್ತು. ನಾನು ಅವಳನ್ನು ಎತ್ತಿಕೊಳ್ಳುವುದಕ್ಕೂ ಅವನು ಮೆಟ್ಟಿಲು ಹತ್ತುವುದಕ್ಕೂ ಸರಿಯಾಯಿತು.

"ನಿನ್ನ ಕಣ್ಣು ತಾಗ್ಯಾದ ನನ್ನ ಕೂಸಿಗಿ" ಎಂದು ಬಿದ್ದ ಎರಡನ್ನೂ ಅವನ ಮೈಮೇಲೆ ಎಸೆದೆ. "ಇನ್ನೊಮ್ಮಿ ಈ ದುಕಾನದಾಗ ಕಾಲಿಟ್ರ ನೋಡು."

ಅವನು ಗುದ್ದಲಿಲ್ಲ. ಮಗಳ ಹಣೆ ನೋಡಿದ, ಗೋಡೆ ನೋಡಿದ. ಹೆಗಲ ಚೀಲ ಇಳಿಸಿ, ಅದರೊಳಗಿನವನ್ನು ಬಾಗಿಲ ಬಳಿಯ ಕಡಪಾ ಕಲ್ಲಿನ ಮೇಲೆ ಒಂದೊಂದಾಗಿ ನಿಲ್ಲಿಸುತ್ತ ಹೋದ. ಅಲ್ಲಿಯ ತನಕ ನನ್ನಿಂದ ಒಯ್ದ ಹದಿನೈದೂ ಇದ್ದವು. ನಾನು ಎಸೆದ ಎರಡನ್ನೂ ಎತ್ತಿ ಅವುಗಳ ಪಕ್ಕ ನಿಲ್ಲಿಸಿದ. ಕಲ್ಲಿನ ಮೇಲೆ ಗುದ್ದಿದ. ಮೂರಲ್ಲ, ಹತ್ತು ಸಲ ಗುದ್ದಿದ. ಒಂದೂ ಅಲುಗಲಿಲ್ಲ.

"ತಗಡಿನ ಪತ್ರಾದ ಮನ್ಯಾಗ ಇಟ್ಟಿದ್ದೆ ಇವುನ್ನ. ನಿನ್ನ ದುಕಾನಕಿಂತ ಜಾಸ್ತಿ ಬಿಸಲು ಅಲ್ಲಿ. ಒಂದರ ಕಾಲೂ ಬಾಗಿಲ್ಲ. ನಿನ್ನ ಜನಾವರ ಗಟ್ಟಿ ಅವ, ಸೂನಬಾಯಿ. ಬಾಗಿದ್ದು ಗ್ವಾಡಿ."

ನನಗೆ ಅರ್ಥವಾಗುವ ಮೊದಲೇ ಉಳಿದದ್ದನ್ನೂ ಹೇಳಿದ. "ಭೂಕಂಪಕ್ಕ ಈ ಗ್ವಾಡಿ ಒಳಗೊಳಗ ಬಾಯಿ ಬಿಟ್ಟಿತ್ತು. ದೀಪಾವಳಿ ಒಳಗ ದುಕಾನ ತೆರೀಬೇಕು, ಬಿರುಕು ಕಾಣಬಾರದು ಅಂದ್ರು ನಿಮ್ಮ ಮಾವ. ಮ್ಯಾಲ ಸಿಮಿಟು ಮೆತ್ತಿ ಗಿಲಾವ ಮಾಡಿ ಮುಚ್ಚಿದಾಂವ ನಾನ. ಏನೂ ಆಗಲ್ಲ, ನಿಂದರತದ ಅಂತ ಹೇಳಿದಾಂವನೂ ನಾನ."

"ನಿನಗ ಗೊತ್ತಿತ್ತು?"

"ಕಲ್ಲಿನ ಮ್ಯಾಲ ಕೈ ಇಟ್ರ ತಿಳೀತದ. ಗೊತ್ತಿತ್ತು."

"ಒಂಬತ್ತು ತಿಂಗಳಾತು. ಒಂಬತ್ತು ತಿಂಗಳು ನನ್ನ ಮಗಳು ಇದರ ಬುಡಕ ಮಲಗ್ಯಾಳ. ನೀ ತಿಂಗಳಿಗೊಮ್ಮಿ ಬಂದು, ನೋಡಿ, ಗೊಂಬಿ ತಗೊಂಡು ಹೋಗಿದಿ."

"ಮೊದಲನೇ ದಿನಾನ ಹೇಳಬೇಕಂತ ಬಂದಿದ್ದೆ. ಕೂಸು ನಕ್ತು. ಬಾಯಿ ಬರಲಿಲ್ಲ. ಮುಂದಿನ ಅಮಾಸಿಗಿ ಹೇಳಿದ್ರಾತು ಅಂದೆ, ಹಂಗೇ ಆತು." ಅವನು ನನ್ನ ಮುಖ ನೋಡುತ್ತಿರಲಿಲ್ಲ. "ನಾ ಕಟ್ಟಿದ ಮನಿ ಆ ಕಡಿ ಭೂಕಂಪಕ್ಕ ಭಾಳ ಬಿದ್ದಾವ. ಅಲ್ಲಿ ಹೋಗಿ ತಪ್ಪಾಯ್ತಂತ ಹೇಳಾಕ ಯಾರೂ ಉಳದಿಲ್ಲ. ಇದೊಂದು ಇನ್ನಾ ನಿಂತಾದ."

ಕೇಳಿದವರು ಕರಗಬಹುದು. ನಾನು ಕರಗಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಮಗಳನ್ನು ಸೊಂಟಕ್ಕೇರಿಸಿಕೊಂಡು ಅಂಗಡಿಯಿಂದ ಹೊರಬಿದ್ದೆ, ಓಣಿಯ ಜನ ಸೇರಿದರು, ನಮ್ಮವರು ಓಡಿ ಬಂದರು. ಗೌಂಡಿ ನಿಂತಲ್ಲೇ ನಿಂತು ಎಲ್ಲರ ಬೈಗುಳ ತಿಂದ. ಆಮೇಲೆ ಹದಿನೇಳನ್ನೂ ಚೀಲಕ್ಕೆ ತುಂಬಿಕೊಂಡು ಹೋದ.

ಮರುದಿನ ಹಾರೆ ಹಿಡಿದು ಬಂದ. ಜಂತಿಗೆ ಆಸರೆ ಕೊಟ್ಟು ಗೋಡೆ ಬಿಚ್ಚತೊಡಗಿದ. ಗಿಲಾವದ ಸಿಪ್ಪೆ ಎದ್ದು ಮೇಲಿನ ನಾಲ್ಕು ಕಲ್ಲು ಕೆಳಗಿಳಿದ ಮೇಲೆ ನನ್ನನ್ನು ಕರೆದು, "ಕೈ ಹಾಕಿ ನೋಡು" ಎಂದ. ಗೋಡೆಯ ಒಳಮೈ, ಹೊರಮೈ ಎರಡೂ ಒಂದನ್ನೊಂದು ಬಿಟ್ಟು ನಡುವೆ ಟೊಳ್ಳಾಗಿತ್ತು. ನನ್ನ ಕೈ ಬಳೆಗಳ ಸಮೇತ ಮೊಳಕೈ ತನಕ ಒಳಗೆ ಹೋಯಿತು. ಒಳಗೆ ತಣ್ಣನೆಯ ಪುಡಿಮಣ್ಣು. ಅದೇ ತಂಪನ್ನು ನಂಬಿ ನಾನು ಅಲ್ಲಿ ಜೋಳಿ ಕಟ್ಟಿದ್ದೆ.

ಹದಿನೈದು ದಿನ ಅವನು ಒಬ್ಬನೇ ದುಡಿದ. ಈ ಸಲ ಮೊಳಕ್ಕೊಂದು ಉದ್ದನೆಯ ಕಲ್ಲನ್ನು ಈ ಮುಖದಿಂದ ಆ ಮುಖದ ತನಕ ಅಡ್ಡ ಹಾಕಿ, ಎರಡೂ ಮೈ ಸೇರಿಸಿ ಕಟ್ಟಿದ. ಕೂಲಿ ಮುಟ್ಟಲಿಲ್ಲ. ಮಧ್ಯಾಹ್ನ ಬಿಸಿಲಲ್ಲೇ ಕೂತು ಗಂಟು ಬಿಚ್ಚಿ ರೊಟ್ಟಿ ತಿನ್ನುತ್ತಿದ್ದ, ಎದುರಿನ ಹೋಟೆಲಿನವನ ಹತ್ತಿರ ನೀರು ಕೇಳುತ್ತಿದ್ದ. ನಾನು ಒಂದು ಲೋಟ ನೀರು ಕೊಡಲಿಲ್ಲ. ನೆರೆಮನೆಯವಳು, "ಸಾಕ್ ಬಿಡು, ಮುದುಕ ಅದಾನ" ಎಂದಾಗ, "ನಿನ್ನ ಕೂಸಿದ್ರ ಗೊತ್ತಾಗ್ತಿತ್ತು" ಎಂದು ಅವಳ ಬಾಯಿ ಮುಚ್ಚಿಸಿದೆ.

ಆ ಹದಿನೈದು ದಿನದಲ್ಲಿ ನಾನು ಅವನಿಗೆ ಕೇಳಿದ್ದು ಒಂದೇ ಮಾತು. ಕಡೆಯ ದಿನ ಅವನು ಕರಣಿ ತೊಳೆಯುತ್ತಿದ್ದಾಗ, "ಇದು ನಿಂದರತದೇನು?" ಎಂದೆ.

"ನನಗ ಕೇಳಬ್ಯಾಡ" ಎಂದ. "ಹಿಂದೊಮ್ಮಿ ಹೇಳಿ ಸುಳ್ಳಾದಾಂವ ನಾ. ಅಮಾಸಿಗೊಮ್ಮಿ ಗುದ್ದಿ ನೋಡು."

ಗುದ್ದಿ ನೋಡಲು ಅವನೇ ಬರುತ್ತಿದ್ದ, ತಪ್ಪದೆ. ಗುದ್ದುವುದು, ಹಲಗೆ ನೋಡುವುದು. ಒಂದೂ ಬೀಳುತ್ತಿರಲಿಲ್ಲ, ಅವನು ಏನೂ ಕೊಳ್ಳುತ್ತಿರಲಿಲ್ಲ. ನಾನು ಮುಖ ತಿರುಗಿಸಿ ಬಳೆ ಜೋಡಿಸುತ್ತ ಕೂರುತ್ತಿದ್ದೆ. ಮಗಳು ಶಾಲೆಗೆ ಹೋಗುವಷ್ಟಾದಾಗ, "ಗೌಂಡಿ ಅಜ್ಜಾ, ಇವತ್ತೂ ಬೀಳಲಿಲ್ಲ" ಎಂದು ಕೂಗುತ್ತಿದ್ದಳು. ಅವನು ಅವಳ ತಲೆ ಮುಟ್ಟಲು ಕೈ ಎತ್ತಿ, ನನ್ನ ಕಡೆ ನೋಡಿ, ಕೈ ಇಳಿಸುತ್ತಿದ್ದ. ಮುಟ್ಟು ಎಂದು ನಾನು ಒಮ್ಮೆಯೂ ಹೇಳಲಿಲ್ಲ.

ಒಂದು ಅಮಾವಾಸ್ಯೆಗೆ ಬರಲಿಲ್ಲ. ಮುಂದಿನದಕ್ಕೆ ಅವನ ಸೊಸೆ ಬಂದಳು, ಕೈಯಲ್ಲಿ ಅದೇ ಚೀಲ. "ಮಾವ ಹೋದ್ರು, ಅಕ್ಕಾ. ಇವು ಉದಗೀರದವು, ಅಲ್ಲೇ ಮುಟ್ಟಸು ಅಂದಿದ್ರು." ಹದಿನೇಳು ಡೈನೋಸಾರು. ಒಂದೊಂದರ ಹಣೆಗೂ ಭಂಡಾರ. ಬೀರಪ್ಪನ ಪೂಜೆಯಾದ ಮೇಲೆ ಅಮಾವಾಸ್ಯೆಗೊಮ್ಮೆ ಇವಕ್ಕೂ ಹಚ್ಚುತ್ತಿದ್ದನಂತೆ, ಮನೆಯವರು ನಗುತ್ತಿದ್ದರಂತೆ. ನಾನು ಅವಳನ್ನು ಕೂರಿಸಿ ನೀರು ಕೊಟ್ಟೆ, ಚಹಾ ಕೊಟ್ಟೆ.

ಆ ಅರಿಶಿನ ಹೋಗಲಿಲ್ಲ. ಸಾಬೂನು ಹಾಕಿದೆ, ಸೀಮೆಎಣ್ಣೆ ಹಾಕಿದೆ. ಹಲ್ಲಿನ ಬಣ್ಣ ಹೋಯಿತು, ಬೆನ್ನಿನ ಹಸಿರು ಹೋಯಿತು, ಹಣೆಯ ಹಳದಿ ಹಾಗೇ ಇದೆ. ಈಗ ಅವು ಹಿಂದಿನ ಗೋಡೆಯ ಹಲಗೆಯ ಮೇಲಿವೆ, ಮಾರಾಟಕ್ಕಿಲ್ಲ. ಜಮಾ ಮಾಡುವವರು ಎಲ್ಲಿಂದಲೋ ಹುಡುಕಿಕೊಂಡು ಬಂದು ಕೇಳುತ್ತಾರೆ, ಹಳೆಯ ನಂಬರಿನವು ಈಗ ಸಿಗುವುದಿಲ್ಲವಂತೆ. ಇಲ್ಲ ಎನ್ನುತ್ತೇನೆ.

ಮಗಳಿಗೆ ಈಗ ಅವಳದೇ ಕೂಸಿದೆ. ಬಾಣಂತನಕ್ಕೆ ಬಂದಿದ್ದಾಳೆ. ಜೋಳಿ ಅದೇ ಜಂತಿಯ ಬಳೆಗೆ, ಅದೇ ಗೋಡೆಯ ಕೆಳಗೆ. ಅವನನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವುದೂ ಇಲ್ಲ. ಅಮಾವಾಸ್ಯೆಗೆ ಕಾಯುವಷ್ಟು ಧೈರ್ಯ ನನಗಿಲ್ಲ; ದಿನಾ ಬೆಳಿಗ್ಗೆ ಬೋಣಿಗೆ ಮೊದಲು ಕೌಂಟರಿನ ಮೇಲೆ ಮೂರು ಸಲ ಗುದ್ದುತ್ತೇನೆ. ಹದಿನೇಳೂ ನಿಂತಿರುತ್ತವೆ. ಆಮೇಲೆ ಅವನನ್ನು ಬಾಯ್ತುಂಬ ಬೈದು, ಒಂದು ಲೋಟ ನೀರು ಹಲಗೆಯ ಮೇಲಿಟ್ಟು, ಕೂಸನ್ನು ಜೋಳಿಯಲ್ಲಿ ಮಲಗಿಸುತ್ತೇನೆ.