ಹಿಂದಿನ ಸೀಟಿನ ಮೊಸರು ಗಡಿಗೆ

ಹೊಸ ರಬ್ಬರಿನ ವಾಸನೆ ನಿಮಗೂ ಗೊತ್ತಿರಬಹುದು. ಶುಕ್ರವಾರ ಬೆಳಿಗ್ಗೆ ಕಪಾಟಿನ ಕೆಳಗಿನ ಪೆಟ್ಟಿಗೆ ತೆರೆದಾಗ ಆ ವಾಸನೆ ಬಂತು. ಒಳಗೆ ನಮ್ಮ ಗಾಡಿಯ ಎರಡು ಶಾಕ್ ಅಬ್ಸಾರ್ಬರ್. ನಮ್ಮ ಯಜಮಾನರು ತರಿಸಿದ್ದು. ಅವರು ತೀರಿಕೊಂಡ ಒಂಬತ್ತನೆಯ ದಿನ ಮನೆಗೆ ಬಂದಿತ್ತು. ನಾನೇ ಸಹಿ ಮಾಡಿ ಇಸಿದುಕೊಂಡು, ತೆರೆಯದೆ ಒಳಗಿಟ್ಟಿದ್ದೆ. ಸೋಮವಾರ ಧಾರವಾಡದವರೊಬ್ಬರು ಆ ಗಾಡಿ ಖರೀದಿಸಿ ಒಯ್ಯಲು ಬರುವವರಿದ್ದರು. ಎಂಟು ತಿಂಗಳಿಂದ ಹೊದಿಕೆ ಹೊದ್ದು ನಿಂತ ಗಾಡಿಯ ಜೊತೆ ಇವೂ ಹೋಗಲಿ ಎಂದುಕೊಂಡೆ. ಹೂಂ ಎಂದಿದ್ದೆನಾದರೂ ಮನಸ್ಸು ಗಟ್ಟಿಯಾಗಿರಲಿಲ್ಲ.

ಆ ಗಾಡಿ ನಮ್ಮಂಥವರದಲ್ಲ. ದೇಶಪಾಂಡೆ ನಗರದ ನಮ್ಮ ಓಣಿಯಲ್ಲಿ ಅದು ತಿರುಗಬೇಕಾದರೆ ಎದುರುಮನೆಯವರು ಸ್ಕೂಟರ್ ಒಳಗೆ ತೆಗೆದುಕೊಳ್ಳಬೇಕು. ಹೊರದೇಶದ ಭಾರಿ ಎಸ್‌ಯುವಿ, ನಮ್ಮದು ಮೂರನೆಯ ಕೈ. ನನ್ನ ಬೆನ್ನಿನ ಮಣಿ ಸರಿದಾಗ ಡಾಕ್ಟರು, ಗಾಡಿಯಲ್ಲಿ ದಡಬಡ ಆಗಬಾರದು ಎಂದಿದ್ದರು. ಬೇರೆ ಗಂಡಂದಿರಾಗಿದ್ದರೆ ಹೆಂಡತಿಯ ತಿರುಗಾಟ ನಿಲ್ಲಿಸುತ್ತಿದ್ದರು. ಇವರು ಗಾಡಿ ತಂದರು.

ಅದಕ್ಕೆ ಸ್ಪ್ರಿಂಗ್ ಬದಲು ಗಾಳಿಚೀಲಗಳು. ಗಾದಿಯ ಮೇಲೆ ಕೂತ ಹಾಗೆ ಎಂದು ಮಾರಿದವನು ಹೇಳಿದ್ದ. ಎರಡನೆಯ ತಿಂಗಳಿಗೇ ಮುಂದಿನ ಚೀಲಗಳು ಸೋರಿ, ಬೆಳಗಾಗುವಷ್ಟರಲ್ಲಿ ಗಾಡಿ ಎತ್ತು ಮೊಣಕಾಲೂರಿದ ಹಾಗೆ ಬಾಗಿತ್ತು. ನಮ್ಮ ಮೆಕ್ಯಾನಿಕ್ ದಾವಲಸಾಬ ಮುಂದೆ ಕಬ್ಬಿಣದ ಸ್ಪ್ರಿಂಗ್ ಹಾಕಿ, ಹಿಂದೆ ಗಾಳಿಚೀಲಗಳನ್ನೇ ಬಿಟ್ಟ. ಈ ಬೆರಕೆ ಗಾಡಿಯ ಕಂಪ್ಯೂಟರ್ ಬುದ್ಧಿಗೆ ಒಪ್ಪಿಗೆಯಾಗಲಿಲ್ಲ. ಸ್ಟಿಯರಿಂಗ್ ಹಿಂದೆ ಹತ್ತಿದ ಹಳದಿ ದೀಪ ಆರಲೇ ಇಲ್ಲ.

“ಇರ್ಲಿ ಬಿಡು, ನಂದಾದೀಪ,” ಎಂದರು ಯಜಮಾನರು.

ಒಂದು ಸುತ್ತು ಹೊಡೆದು ಬಂದ ದಾವಲಸಾಬ ತಲೆ ಕೆರೆದುಕೊಂಡ. “ಮುಂದ ಗಂಡಿನ ಕಡಿಯವ್ರು, ಹಿಂದ ಹೆಣ್ಣಿನ ಕಡಿಯವ್ರು ಕುಂತಂಗ ಆಗೇತ್ರಿ ಸಾಹೇಬ್ರ. ಮುಂದಿನವ್ರು ಬಗ್ಗಂಗಿಲ್ಲ, ಹಿಂದಿನವ್ರು ತಲಿ ಎತ್ತಂಗಿಲ್ಲ.”

ಆಮೇಲೆ ಇಬ್ಬರಿಗೂ ಹುಚ್ಚು ಹಿಡಿಯಿತು. ಒಂದು ಕಂಪನಿಯ ಸ್ಪ್ರಿಂಗ್, ಇನ್ನೊಂದರ ರಬ್ಬರ್ ಬುಷ್, ಅದು ಸರಿಹೋಗದಿದ್ದರೆ ಮತ್ತೊಂದು. ಪ್ರತಿ ಸಲ ನನ್ನನ್ನು ಕೂರಿಸಿಕೊಂಡು ಹೋಗಿ “ಹೆಂಗೈತಿ?” ಎನ್ನುವರು. ನಾನು ಸೊಂಟ ಹಿಡಿದುಕೊಂಡೇ “ಛಲೋ ಐತ್ರಿ” ಎನ್ನುವೆ.

“ನೀ ಖರೇ ಹೇಳಾಕಿ ಅಲ್ಲ,” ಎಂದರು ಒಂದು ದಿನ. “ಮೊಸರು ಸುಳ್ಳು ಹೇಳಂಗಿಲ್ಲ.”

ಹೀಗೆ ಮೊಸರಿನ ಪರೀಕ್ಷೆ ಶುರುವಾಯಿತು. ಶನಿವಾರ ಸಂಜೆ ನಾನು ಮಣ್ಣಿನ ಗಡಿಗೆಯಲ್ಲಿ ಹಾಲಿಗೆ ಹೆಪ್ಪು ಹಾಕಬೇಕು. ರವಿವಾರ ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ಒಂದು ಕಡೆ ಗಡಿಗೆ, ಒಂದು ಕಡೆ ನಾನು. ಶಿರಗುಪ್ಪಿಗೆ ಹೋಗಿ, ಎರೆಹೊಲದ ದಾರಿಯಲ್ಲಿ ಒಂದಿಷ್ಟು ಕುಣಿದು, ಮನೆಗೆ ಬಂದು ಮುಚ್ಚಳ ತೆಗೆಯುವುದು. ಮೊಸರು ಒಡೆದು ನೀರು ಬಿಟ್ಟಿದ್ದರೆ ಸೋತ ಹಾಗೆ. ಒಮ್ಮೆ ಕನಿಕರದಿಂದ ಗಡಿಗೆ ಎತ್ತಿಕೊಳ್ಳಹೋದರೆ ಗದರಿದರು: “ತೊಡಿ ಮ್ಯಾಲೆ ಬ್ಯಾಡ! ನಿನ್ನ ತೊಡಿ ಅಂದ್ರ ಮತ್ತೊಂದು ಸ್ಪ್ರಿಂಗ್ ಆತು.”

ಆರು ರವಿವಾರ ಸೋತೆವು. ಒಡೆದ ಮೊಸರನ್ನು ಕಡೆದು ಮಜ್ಜಿಗೆ ಮಾಡಿ ಎದುರುಮನೆಯ ಶಾಂತಕ್ಕನಿಗೆ ಕೊಡುತ್ತಿದ್ದೆ. “ಈ ವಾರನೂ ಫೇಲೇನ್ರಿ?” ಎಂದು ಕೇಳಿಯೇ ಆಕೆ ಪಾತ್ರೆ ಹಿಡಿಯುತ್ತಿದ್ದಳು.

ಏಳನೆಯ ರವಿವಾರ ಅವರ ಮುಖ ನೋಡಲಾಗಲಿಲ್ಲ. ಶಿರಗುಪ್ಪಿ ದಾಟುತ್ತಲೇ ಗಡಿಗೆಯನ್ನು ತೊಡೆಯ ಮೇಲಿಟ್ಟು ಸೆರಗು ಮುಚ್ಚಿದೆ. ನಮ್ಮ ಓಣಿ ಬಂದಾಗ ಸದ್ದಿಲ್ಲದೆ ಸೀಟಿಗಿಟ್ಟೆ. ಮುಚ್ಚಳ ತೆಗೆದರೆ ಮೊಸರು ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿ! ಯಜಮಾನರು ಗ್ಯಾರೇಜಿಗೆಲ್ಲ ಪೇಡೆ ಹಂಚಿದರು. ಮೂರು ವಾರದಲ್ಲಿ ಎದೆನೋವು ಬಂದು ಹೋಗಿಯೇಬಿಟ್ಟರು. ನಾನು ಮೋಸ ಮಾಡಿದ್ದು ಹೇಳದೆಯೇ ಉಳಿಯಿತು. ಆ ಗಾಡಿ ಕಣ್ಣೆದುರು ಬೇಡ ಅನ್ನಿಸಿದ್ದು ಅದಕ್ಕೇ.

ಶುಕ್ರವಾರ ದಾವಲಸಾಬನನ್ನು ಕರೆಸಿ ಪೆಟ್ಟಿಗೆ ತೋರಿಸಿದೆ. “ಮೊಸರು ಗೆದ್ದ ಮ್ಯಾಲೆ ಇವನ್ಯಾಕ ತರಿಸಿದ್ರು?”

ಆತ ನೆಲ ನೋಡಿದ. “ಸಿಟ್ಟಾಗಬ್ಯಾಡ್ರಿ ಅಕ್ಕಾರ. ಪೇಡೆ ಹಂಚಿದ ದಿನಾನ ಸಾಹೇಬ್ರು ನನ್ನ ಮಗ್ಗಲಕ ಕರದು ಹೇಳಿದ್ರು: ‘ಗಡಿಗಿ ಆಕಿ ತೊಡಿ ಮ್ಯಾಲಿತ್ತೋ ದಾವಲಸಾಬ. ಕನ್ನಡ್ಯಾಗ ನೋಡೇನಿ. ಆಕಿಗೆ ಹೇಳಬ್ಯಾಡ. ಹಿಂದಿನ ಶಾಕ್ ಅಬ್ಸಾರ್ಬರ್ ತರಸ್ತೇನಿ, ಸುಮ್ಮ ಹಾಕಿಬಿಡೂಣು.’”

ನನಗೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ. ಬರುಬರುತ್ತ ಅದೇ ಸೆರಗಿನಿಂದ ಕಣ್ಣನ್ನೂ ಒರೆಸಿಕೊಂಡೆ. ಅಷ್ಟು ಪೇಡೆ ಹಂಚಿದರಲ್ಲ, ಗೊತ್ತಿದ್ದೂ!

“ಹಾಕು,” ಎಂದೆ.

ಶನಿವಾರ ಆತ ಅವನ್ನು ಜೋಡಿಸಿದ, ನಾನು ಹೆಪ್ಪು ಹಾಕಿದೆ. ನಿನ್ನೆ ರವಿವಾರ ಗಾಡಿ ಚಾಲೂ ಮಾಡಿದೊಡನೆ ನಂದಾದೀಪವೂ ಹತ್ತಿತು. ದಾವಲಸಾಬ ನಡೆಸಿದ. ಗಡಿಗೆ ಸೀಟಿನ ಮೇಲೆ, ನನ್ನ ಎರಡೂ ಕೈ ನನ್ನ ತೊಡೆಯ ಮೇಲೆ. ಎರೆಹೊಲದ ದಾರಿಯಲ್ಲಿ ಗಡಿಗೆ ಅಲುಗಾಡಿದಾಗ ಕೈ ತಾನಾಗಿ ಎದ್ದಿತು. ಕನ್ನಡಿ ನೋಡಿ ಹಿಂದೆಳೆದುಕೊಂಡೆ.

ಮನೆಗೆ ಬಂದು ಮುಚ್ಚಳ ತೆಗೆದೆ. ಮೊಸರಿನ ಅಂಚಿಗೆ ಉಗುರಿನಷ್ಟು ನೀರು.

“ಏನಾತ್ರಿ ಅಕ್ಕಾರ?”

“ಸೋತ್ವಿ,” ಎಂದೆ. ಖರೇ ಹೇಳುವುದು ಇಷ್ಟು ಸುಲಭವೆಂದು ಗೊತ್ತಿರಲಿಲ್ಲ. “ಮುಂದಿನ ಸ್ಪ್ರಿಂಗ್ ಇನ್ನೊಮ್ಮಿ ನೋಡಬೇಕು.”

ಧಾರವಾಡದವರಿಗೆ ಫೋನ್ ಮಾಡಿ, ಗಾಡಿ ಕೊಡುವುದಿಲ್ಲ, ಅದರ ಕೆಲಸ ಇನ್ನೂ ಮುಗಿದಿಲ್ಲ ಎಂದೆ. ಮಧ್ಯಾಹ್ನ ಮಜ್ಜಿಗೆ ಕಡೆದು ಎದುರುಮನೆಗೆ ಒಯ್ದೆ. ಶಾಂತಕ್ಕ ಪಾತ್ರೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

“ಮತ್ತ ಶುರು ಆತೇನ್ರಿ?” ಎಂದಳು.